ಪ್ರಶ್ನೆ ಕೇಳುತ್ತಾ ಪಾಠ ಮಾಡಿದರೆ ಮಕ್ಕಳು ಸುಮ್ಮನೆ ಕೂರುತ್ತಾರೆ. ಅವರಿಂದಲೇ ಸರಿಯುತ್ತರ ಹೊರಡಿಸೋದು ಹೇಗೆ?

ಬಿ.ಎಡ್.ನಲ್ಲಿ ‘ಹೇಳಬೇಡಿ, ಕೇಳಿ, ಮಕ್ಕಳೇ ಕಂಡುಕೊಳ್ಳಲಿ’ ಅಂದರು. ಕುಮಟಾ ಕಡೆಯ ಹೈಸ್ಕೂಲಿಗೆ ಬಂದು ಕೇಳಿದರೆ ಹತ್ತನೇ ಕ್ಲಾಸು ಗಪ್‌ಚಿಪ್. ಮೇಲಿಂದ ಹೆಡ್ ಮಾಸ್ತರು ‘ಪೋರ್ಷನ್ ಎಲ್ಲಿಗೆ ಬಂತು’ ಅಂತ ಕೇಳ್ತಾರೆ. ಇಷ್ಟೇ ಅಲ್ವಾ ನಿಮ್ಮ ಕಷ್ಟ? ನಾನು ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನ ಹಳ್ಳಿ ಹೈಸ್ಕೂಲಲ್ಲಿ ವಿಜ್ಞಾನ ಕಲಿಸುವವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನದೂ ಇದೇ ಹುರುಪು. ವ್ಯತ್ಯಾಸ ಏನು ಅಂದರೆ, ನನ್ನ ಮಕ್ಕಳು ಉತ್ತರ ಕೊಡುತ್ತಿದ್ದರು. ಸರಿಯಾದ ಉತ್ತರವನ್ನೇ ಕೊಡುತ್ತಿದ್ದರು. ನಾನು ಕೆಟ್ಟದ್ದು ಅದರಿಂದಲೇ.

ಹತ್ತನೇ ಕ್ಲಾಸಿನ ಮೊದಲ ಪಾಠ ರಾಸಾಯನಿಕ ಕ್ರಿಯೆಗಳದ್ದು, ನಿಮಗೂ ಗೊತ್ತು. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿಗೆ ಕಬ್ಬಿಣದ ಮೊಳೆ ಇಳಿಬಿಡೋದು, ಸ್ವಲ್ಪ ಹೊತ್ತಿಗೆ ಮೊಳೆ ಕಂದಾಗೋದು, ನೀರಿನ ನೀಲಿ ತಿಳಿಯಾಗೋದು. ಈ ಪಾಠ ನಡೆಯೋ ಹೊತ್ತಿಗೇ ನಮ್ಮ ಕಡೆ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೆಯೋ ಗಡಿಬಿಡಿ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ಬಂತಾ ಅಂತ ನೋಡೋಕೆ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿತು ಅಂದರೆ ಸುಣ್ಣ ಸಾಲಲಿಲ್ಲ ಅಂತ ಲೆಕ್ಕ, ಇನ್ನಷ್ಟು ಸುಣ್ಣದ ನೀರು ಹೊಯ್ಯುತ್ತಾರೆ. ಹಾಗೇ ಹೊಡೆದರೆ ಎಲೆ, ಎಳೆಕಾಯಿ ಸುಟ್ಟುಹೋಗುತ್ತದೆ. ಇದನ್ನು ನಮ್ಮ ಮಕ್ಕಳು ಮನೆ ಅಂಗಳದಲ್ಲಿ ನಡೆಯಲಾರದ ವಯಸ್ಸಿನಿಂದ ನೋಡಿರುತ್ತಾರೆ.

ಹಾಗಾಗಿ ಮೊಳೆ ಯಾಕೆ, ಕತ್ತಿಯೇ ಇರಲಿ ಅಂತ ಕತ್ತಿ ಒಯ್ದೆ. ಮೈಲುತುತ್ತದ ನೀರಲ್ಲಿ ಅದ್ದಿ ತೆಗೆದೆ. ತುದಿಯಿಂದ ಎರಡು ಬೆರಳು ಅಗಲದಷ್ಟು ಕೆಂಪು. ‘ಯಾಕೆ ಕೆಂಪಾಯ್ತು?’ ಅಂತ ಕೇಳಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದಳು. ‘ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಆದ್ದರಿಂದ ಅದು ತಾಮ್ರವನ್ನು ದ್ರಾವಣದಿಂದ ಸ್ಥಾನಪಲ್ಲಟಗೊಳಿಸುತ್ತದೆ.’ ಎಲ್ಲೂ ತಡವರಿಸಲಿಲ್ಲ. ನಾನು ಹಿಗ್ಗಿ ಹೀರೇಕಾಯಿ ಆದೆ. ಶಭಾಷ್ ಅಂದೆ. ಬೋರ್ಡಿನ ಮೇಲೆ ಸಮೀಕರಣ ಬರೆದೆ. ಎಲ್ಲರೂ ಬರೆದುಕೊಂಡರು. ಪ್ರಶ್ನೆ ಕೇಳಿದೆ, ಮಕ್ಕಳಿಂದಲೇ ಉತ್ತರ ಬಂತು, ನಾನು ಒಂದಕ್ಷರ ಹೇಳಿಕೊಡಲಿಲ್ಲ. ಟ್ರೈನಿಂಗಲ್ಲಿ ಹೇಳಿದ್ದು ಇದನ್ನೇ ಅಲ್ವಾ ಅಂದುಕೊಂಡೆ.

ಆಗ ಹಿಂದಿನಿಂದ ಒಬ್ಬ ಹುಡುಗ, ಅವನ ಅಪ್ಪ ಊರಿನ ತೋಟಗಳಿಗೆ ಔಷಧಿ ಹೊಡೆಯೋಕೆ ಹೋಗುವವರು, ಕೂತಲ್ಲಿಂದಲೇ ಅಂದ: ‘ಅಕ್ಕೋರೆ, ಸುಣ್ಣ ಸರಿ ಬಿದ್ರೆ ಕತ್ತಿ ಕೆಂಪಾಗೂದಿಲ್ಲ. ಅದ್ಯಾಕೆ?’

‘ಅದು ಬೇರೆ ವಿಷಯ ಮಾರಾಯ, ಈ ಪಾಠದಲ್ಲಿ ಬರೋದಿಲ್ಲ’ ಅಂದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಉತ್ತರ ಹೊಳೆದಿರಲಿಲ್ಲ.

ಇದನ್ನು ಯಾರಿಗೆ ಹೇಳಿದರೂ ‘ಪಾಪ, ಹುಡುಗನ ಬಾಯಿ ಮುಚ್ಚಿಸಿಬಿಟ್ಟಿರಿ’ ಅನ್ನುತ್ತಾರೆ. ಅದು ಹೌದು. ಆದರೆ ಎಡವಟ್ಟು ಅಲ್ಲಿ ಆದದ್ದಲ್ಲ, ಅದಕ್ಕೂ ಒಂದು ನಿಮಿಷ ಮುಂಚೆ ಆದದ್ದು. ಶಭಾಷ್ ಅಂದೆನಲ್ಲ, ಅಲ್ಲಿ. ಆ ಹುಡುಗಿ ಹೇಳಿದ್ದು ಸರಿ. ಆದರೆ ಅವಳು ಏನು ತಿಳಿದು ಹೇಳಿದಳು ಅಂತ ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ‘ಹಾಗಾದರೆ ತಾಮ್ರ ಇರೋ ನೀರಲ್ಲೆಲ್ಲ ಕತ್ತಿ ಕೆಂಪಾಗಬೇಕಾ?’ ಅಂತ ಅವಳನ್ನು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವಳು ಹೌದು ಅನ್ನುತ್ತಿದ್ದಳು. ಹುಡುಗ ಇಲ್ಲ ಅನ್ನುತ್ತಿದ್ದ. ಅಲ್ಲಿಂದ ಕ್ಲಾಸು ತಾನಾಗೇ ನಡೆಯುತ್ತಿತ್ತು. ನಾನು ಶಭಾಷ್ ಅಂದಕೂಡಲೇ ಉಳಿದ ಮಕ್ಕಳೆಲ್ಲ ಪೆನ್ನು ಹಿಡಿದರು, ಅಂದರೆ ಯೋಚನೆ ಮಾಡೋ ಹೊತ್ತು ಮುಗಿಯಿತು. ಅವರಿಗೆ ನಾನು ಕಲಿಸಿದ್ದು ಇಷ್ಟು: ಅಕ್ಕೋರ ಜೇಬಲ್ಲಿ ಒಂದು ಉತ್ತರ ಇದೆ, ಯಾರಾದರೂ ಅದನ್ನು ಹೇಳೋ ತನಕ ಸುಮ್ಮನಿರಿ.

ಬೆಲೆ ತೆತ್ತದ್ದು ಫೆಬ್ರವರಿಯಲ್ಲಿ. ಪ್ರಿಪರೇಟರಿ ಪರೀಕ್ಷೆಗೆ ನಾನೇ ಒಂದು ಪ್ರಶ್ನೆ ಹಾಕಿದೆ: ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು, ಯಾಕೆ? 2 ಅಂಕ. ಸಮೀಕರಣವನ್ನು ನಿದ್ದೆಗಣ್ಣಲ್ಲೂ ಬರೆಯುತ್ತಿದ್ದ ಮಕ್ಕಳು ಇದನ್ನು ಖಾಲಿ ಬಿಟ್ಟರು. ಕೆಲವರು ‘ತುಕ್ಕು ಹಿಡಿಯುತ್ತದೆ’ ಅಂತ ಬರೆದರು. ಮುಂದಿನ ಬೆಂಚಿನ ಹುಡುಗಿಯೂ ತುಕ್ಕನ್ನೇ ಬರೆದಳು. ಔಷಧಿ ಹೊಡೆಯುವವರ ಮಗ ಮಾತ್ರ ಒಂದು ಸಾಲು ಬರೆದಿದ್ದ: ‘ಡ್ರಮ್ಮು ತೂತು ಬೀಳ್ತದೆ.’ ಸಮೀಕರಣ ಇಲ್ಲ, ಕಾರಣ ಇಲ್ಲ ಅಂತ ಅರ್ಧ ಅಂಕ ಕೊಟ್ಟು ಮುಂದೆ ಹೋದೆ.

ಎಷ್ಟೋ ದಿನದ ಮೇಲೆ ಹೊಳೆಯಿತು. ಇಡೀ ಕ್ಲಾಸಿನಲ್ಲಿ ಆ ಕ್ರಿಯೆಯ ಎರಡನೇ ಅರ್ಧ ಕಂಡದ್ದು ಅವನಿಗೆ ಮಾತ್ರ. ನಾವೆಲ್ಲ ತಾಮ್ರ ಬಂದು ಕೂತಿದ್ದನ್ನು ನೋಡುತ್ತೇವೆ. ಕಬ್ಬಿಣ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳೋದಿಲ್ಲ. ಕಬ್ಬಿಣ ಕರಗಿ ನೀರಿಗೆ ಹೋಗಿದೆ. ಅದಕ್ಕೇ ಡ್ರಮ್ಮು ತೂತು. ‘ತೂತು ಬಿದ್ದ ಜಾಗದ ಕಬ್ಬಿಣ ಎಲ್ಲಿ ಹೋಯ್ತು?’ ಅಂತ ಅವನನ್ನು ಕೇಳಿದ್ದರೆ, ಪುಸ್ತಕದ ಸಮೀಕರಣವನ್ನು ಅವನೇ ಕಟ್ಟುತ್ತಿದ್ದ. ಕೇಳಲಿಲ್ಲ. ಆ ಜೂನಿನ ಮೇಲೆ ಅವನೂ ಕ್ಲಾಸಲ್ಲಿ ಮತ್ತೇನೂ ಕೇಳಲಿಲ್ಲ. ಗಲಾಟೆ ಮಾಡೋ ಹುಡುಗನಲ್ಲ, ಹಾಗಾಗಿ ಸುಮ್ಮನಾದದ್ದು ಗೊತ್ತೂ ಆಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಸರಿಯುತ್ತರ ಹೊರಡಿಸೋದು ಹೇಗೆ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಅದನ್ನು ಹೊರಡಿಸೋಕೆ ಹೋಗಲೇಬೇಡಿ. ಸರಿಯುತ್ತರ ಬೇಕಿದ್ದರೆ ನೀವೇ ಹೇಳಿಬಿಡಿ, ಅರ್ಧ ಗಂಟೆ ಉಳಿಯುತ್ತದೆ. ಪ್ರಶ್ನೆ ಕೇಳೋದು ಮಗುವಿನ ತಲೆಯಲ್ಲಿ ಈಗ ಏನಿದೆ ಅಂತ ತಿಳಿಯೋಕೆ, ಆಮೇಲೆ ಅದರ ಮೇಲೇ ಮುಂದಿನ ಪ್ರಶ್ನೆ ಇಡೋಕೆ. ನಿಮ್ಮ ಮಕ್ಕಳು ಬಾಯಿ ಬಿಡದಿರೋದು ದಡ್ಡರಾಗಿ ಅಲ್ಲ. ‘ಈ ಟೀಚರ್ ಮನಸ್ಸಲ್ಲಿ ಯಾವ ಶಬ್ದ ಇದೆ’ ಅಂತ ಊಹಿಸೋ ಆಟ ಅವರಿಗೆ ಸಾಕಾಗಿದೆ. ಐದನೇ ಕ್ಲಾಸಿನಿಂದ ಆಡಿದ್ದಾರೆ, ಗೆಲ್ಲೋರು ಯಾರು ಅಂತಲೂ ಗೊತ್ತಿದೆ.

ನಿಮ್ಮ ಟ್ರೈನಿಂಗಲ್ಲಿ ಸಾಕ್ರೆಟೀಸ್‌ನ ಹೆಸರು ಬಂದೇ ಬಂದಿರುತ್ತದೆ. ಆತ ಸ್ವತಃ ಏನೂ ಬರೆದಿಡಲಿಲ್ಲ, ಬರೆದದ್ದು ಶಿಷ್ಯ ಪ್ಲೇಟೊ. ಪಾಠ ಮಾಡುವವರಿಗೆ ಬೇಕಾದ ಭಾಗ ‘ಮೆನೋ’ ಸಂವಾದದಲ್ಲಿದೆ. ರೇಖಾಗಣಿತ ಯಾರೂ ಕಲಿಸಿರದ ಒಬ್ಬ ಗುಲಾಮ ಹುಡುಗ. 2 ಅಡಿ ಬಾಹುವಿನ ಚೌಕ, ವಿಸ್ತೀರ್ಣ 4. ಇದರ ಎರಡರಷ್ಟು, ಅಂದರೆ 8 ಬರೋ ಚೌಕಕ್ಕೆ ಬಾಹು ಎಷ್ಟಿರಬೇಕು ಅಂತ ಪ್ರಶ್ನೆ. ಹುಡುಗ ಬಾಹುವನ್ನೂ ಎರಡರಷ್ಟು ಮಾಡಿ 4 ಅನ್ನುತ್ತಾನೆ. ಲೆಕ್ಕ ಮಾಡಿಸಿದರೆ 16 ಬರುತ್ತದೆ. ಹಾಗಾದರೆ 3 ಅನ್ನುತ್ತಾನೆ. 9 ಬರುತ್ತದೆ. ಆಮೇಲೆ ‘ದೇವರಾಣೆ ಗೊತ್ತಿಲ್ಲ’ ಅನ್ನೋ ಹಾಗೆ ಕೈ ಚೆಲ್ಲುತ್ತಾನೆ. ಈ ಎರಡು ತಪ್ಪನ್ನು ಸಾಕ್ರೆಟೀಸ್ ‘ತಪ್ಪು’ ಅನ್ನೋದಿಲ್ಲ. ಹುಡುಗನ ಉತ್ತರವನ್ನೇ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಾನೆ. ತಪ್ಪನ್ನು ಹುಡುಗನೇ ಎಣಿಸಿ ಕಾಣುತ್ತಾನೆ. ಇಲ್ಲಿಯವರೆಗೆ ನಾನು ಸಾಕ್ರೆಟೀಸ್‌ನ ಭಕ್ತೆ.

ಆಮೇಲಿನದ್ದನ್ನು ಯಾವ ಟ್ರೈನಿಂಗಲ್ಲೂ ಹೇಳೋದಿಲ್ಲ. ಉತ್ತರ ಇರೋದು ಕರ್ಣದಲ್ಲಿ. ಆ ಕರ್ಣ ಎಳೆದದ್ದು ಹುಡುಗ ಅಲ್ಲ, ಸಾಕ್ರೆಟೀಸೇ. ಅಲ್ಲಿಂದ ಮುಂದೆ ಹುಡುಗನ ಪಾಲಿಗೆ ಬಹುಪಾಲು ‘ಹೌದು’, ‘ಹೌದು’ ಅನ್ನೋದೇ ಕೆಲಸ. ಸಾಕ್ರೆಟೀಸ್ ಇದನ್ನು ಆತ್ಮಕ್ಕೆ ಮೊದಲೇ ಗೊತ್ತಿದ್ದದ್ದರ ನೆನಪು ಅನ್ನುತ್ತಾನೆ. ನನಗಂತೂ ಅದು ಒಳ್ಳೆ ಮೇಷ್ಟ್ರು ಸರಿಯಾದ ಹೊತ್ತಿಗೆ ಹೇಳಿಕೊಟ್ಟ ಹಾಗೆ ಕಾಣುತ್ತದೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಎರಡು ಸಲ ತಾನೇ ಹೋಗಿ ಗೋಡೆಗೆ ಹಾಯ್ದ ಹುಡುಗನಿಗೆ ಕರ್ಣ ತೋರಿಸಿದರೆ ಅವನು ಅದನ್ನು ಮರೆಯೋದಿಲ್ಲ. ಮೊದಲೇ ತೋರಿಸಿದ್ದರೆ ಬರೆದುಕೊಂಡು ಹೋಗುತ್ತಿದ್ದ.

ಬೋರ್ಡೋ ಪಾಠವನ್ನು ನಾನು ಆಮೇಲಿನ ವರ್ಷಗಳಲ್ಲಿ ತಿರುವಿ ಹಾಕಿದೆ. ಎರಡು ಪ್ಲಾಸ್ಟಿಕ್ ಬಕೆಟ್. ಎರಡರಲ್ಲೂ ಮೈಲುತುತ್ತ ಒಂದೇ ಅಳತೆ. ಒಂದರಲ್ಲಿ ಸುಣ್ಣ ಸರಿಯಾಗಿ, ಇನ್ನೊಂದರಲ್ಲಿ ಚಿಟಿಕೆಯಷ್ಟು. ಕತ್ತಿ ಅದ್ದುವ ಮುಂಚೆ ಕೇಳೋದು: ಯಾವುದರಲ್ಲಿ ಕೆಂಪಾಗುತ್ತದೆ? ಒಬ್ಬೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಪಕ್ಕದವರ ಹತ್ತಿರ ಮಾತಾಡಬೇಕು, ಆಮೇಲಷ್ಟೇ ಗಟ್ಟಿಯಾಗಿ ಹೇಳೋದು. ಪುಸ್ತಕ ಓದಿ ಬಂದವರು ‘ಎರಡರಲ್ಲೂ ತಾಮ್ರ ಇದೆ, ಎರಡರಲ್ಲೂ ಕೆಂಪಾಗುತ್ತದೆ’ ಅನ್ನುತ್ತಾರೆ. ತೋಟದ ಮಕ್ಕಳು ಇಲ್ಲವೇ ಇಲ್ಲ ಅನ್ನುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತಿರೋದಿಲ್ಲ, ಆದರೆ ಬಿಟ್ಟುಕೊಡೋದಿಲ್ಲ. ಕತ್ತಿ ಅದ್ದಿದರೆ ತೋಟದ ಮಕ್ಕಳೇ ಗೆಲ್ಲುತ್ತಾರೆ. ಓದುವ ಮಕ್ಕಳ ಮುಖ ಆಗ ನೋಡಬೇಕು!

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕು. ಅದು ನನಗೆ ಇವತ್ತಿಗೂ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬುವರು 1970ರ ದಶಕದ ಸುಮಾರಿಗೆ ವಿಜ್ಞಾನದ ಕ್ಲಾಸುಗಳನ್ನು ರೆಕಾರ್ಡ್ ಮಾಡಿ ನೋಡಿದರು. ಟೀಚರುಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿನಷ್ಟು ಮಾಡಿದ ಕಡೆ ಉತ್ತರಗಳು ಉದ್ದವಾದವು, ಮಕ್ಕಳು ಮಕ್ಕಳಲ್ಲೇ ಮಾತಾಡತೊಡಗಿದರು, ಅವರಿಂದ ಪ್ರಶ್ನೆಗಳು ಜಾಸ್ತಿ ಬಂದವು. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಹೊತ್ತು ಸುಮ್ಮನಿರಬೇಕು ಅನ್ನೋದನ್ನು ಬಹಳ ಜನ ಮರೆಯುತ್ತಾರೆ. ನನ್ನ ಶಭಾಷ್ ಬಂದದ್ದು ಅದೇ ಜಾಗದಲ್ಲಿ. 3 ಸೆಕೆಂಡ್ ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ. ಕ್ಲಾಸಿನ ಎದುರು ನಿಂತು ಎಣಿಸಿ ನೋಡಿ.

ಸುಮ್ಮನಿದ್ದರೆ ಏನಾಗುತ್ತದೆ ಗೊತ್ತಾ? ‘ಸುಣ್ಣ ತಾಮ್ರನ ತಿಂದಿರಬೇಕು’ ಅನ್ನುತ್ತಾನೆ ಒಬ್ಬ. ಎಲ್ಲರೂ ನಗುತ್ತಾರೆ. ನಗೋ ಮಾತೇನೂ ಅಲ್ಲ ಅದು, ಬಹುಪಾಲು ಸರಿ. ‘ತಿಂದು ಎಲ್ಲಿಟ್ಟಿದೆ?’ ಅಂತ ಕೇಳುತ್ತೇನೆ. ಇನ್ನೊಬ್ಬಳು ‘ಅಲ್ಲಾಡಿಸದೆ ಬಿಟ್ಟು ನೋಡೋಣ’ ಅನ್ನುತ್ತಾಳೆ. ಬಕೆಟ್ ಮೂಲೆಯಲ್ಲಿ ಮುಚ್ಚಿಡುತ್ತೇವೆ. ಮರುದಿನ ಸುಣ್ಣ ಸರಿ ಇದ್ದ ಬಕೆಟ್ಟಿನಲ್ಲಿ ಮೇಲೆ ಬಣ್ಣವಿಲ್ಲದ ತಿಳಿನೀರು, ಅಡಿಯಲ್ಲಿ ತಿಳಿನೀಲಿ ಗಸಿ. ಸುಣ್ಣ ಕಮ್ಮಿ ಇದ್ದದ್ದರಲ್ಲಿ ಮೇಲಿನ ನೀರೂ ನೀಲಿಯೇ. ಒಂದೊಂದರ ಮೇಲಿನ ನೀರನ್ನಷ್ಟೇ ಬಗ್ಗಿಸಿ ಕತ್ತಿ ಅದ್ದಿದರೆ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಏನೂ ಇಲ್ಲ. ತಾಮ್ರ ಬಕೆಟ್ಟಿನಲ್ಲಿ ಇದೆ, ನೀರಲ್ಲಿ ಕರಗಿ ಇಲ್ಲ. ಕರಗಿ ಇದ್ದರಷ್ಟೇ ಕತ್ತಿಗೆ ಹತ್ತುತ್ತದೆ. ಇಷ್ಟು ಮಕ್ಕಳೇ ಹೇಳುತ್ತಾರೆ. ಗಸಿಯ ಹೆಸರು ತಾಮ್ರದ ಹೈಡ್ರಾಕ್ಸೈಡ್ ಅಂತ ನಾನು ಹೇಳುತ್ತೇನೆ. ಹೆಸರನ್ನು ಯಾರೂ ಯೋಚನೆ ಮಾಡಿ ಕಂಡುಹಿಡಿಯಲಾರರು, ಅದಕ್ಕೆ ಪ್ರಶ್ನೆ ಕೇಳುತ್ತಾ ಕೂರಬಾರದು. ಒಂದು ಎಚ್ಚರ: ಮೈಲುತುತ್ತ ವಿಷ. ಕಲಸೋದು ನೀವೇ ಆಗಿರಲಿ, ಎಲ್ಲರ ಕೈ ಸೋಪು ಹಾಕಿ ತೊಳೆಸಿ.

ಈ ಮಿಶ್ರಣದ ಗುಣ ಗೊತ್ತಾದದ್ದೂ ಹೀಗೇ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಬದಿಯ ದ್ರಾಕ್ಷಿ ಕದಿಯೋರನ್ನು ಹೆದರಿಸೋಕೆ ರೈತರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ಸುತ್ತ ಎಲ್ಲ ಬಳ್ಳಿಗೆ ಬೂಷ್ಟು ರೋಗ ಬಂದು ಎಲೆ ಉದುರಿದರೂ ದಾರಿ ಬದಿಯವು ಹಸಿರಾಗಿ ನಿಂತಿದ್ದವು. ಅದನ್ನು ಕಂಡು ‘ಯಾಕೆ?’ ಅಂದ ಮಿಲಾರ್ಡೆ ಎಂಬ ಪ್ರೊಫೆಸರು 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದ. ಇದನ್ನು ಪಾಠ ಮುಗಿದ ಮೇಲೆ ಹೇಳಿ, ಮಕ್ಕಳಿಗೆ ಬಹಳ ಖುಷಿ ಆಗುತ್ತದೆ.

ನಿಮ್ಮಲ್ಲಿ ಅಡಿಕೆ ಕಮ್ಮಿ ಇರಬಹುದು, ಸಮುದ್ರ ಇದೆಯಲ್ಲ. ಭರತ–ಇಳಿತದಿಂದ ಶುರು ಮಾಡಿ. ‘ಭರತ ಬರೋದು ಯಾಕೆ?’ ಅಂತ ಮಾತ್ರ ಕೇಳಬೇಡಿ. ‘ಚಂದ್ರನ ಗುರುತ್ವ’ ಅಂತ ಮುಂದಿನ ಬೆಂಚು ಹೇಳುತ್ತದೆ, ಅಲ್ಲಿಗೆ ಮುಗಿಯಿತು. ‘ನಿನ್ನೆ ನೀರು ತುಂಬಿದ್ದು ಎಷ್ಟೊತ್ತಿಗೆ? ಇವತ್ತು ಎಷ್ಟೊತ್ತಿಗೆ?’ ಅಂತ ಕೇಳಿ. ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕೋಕೆ ಹೋಗುವವರ ಮಕ್ಕಳು ಇರುತ್ತಾರೆ, ಉಪ್ಪುನೀರಿನ ಗಜನಿ ಗದ್ದೆ ಇರೋರು ಇರುತ್ತಾರೆ, ದೋಣಿ ಇರೋರು ಇರುತ್ತಾರೆ. ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡ ಆಗುತ್ತದೆ ಅಂತ ಅವರಿಗೆ ಗೊತ್ತು. ಅಮಾಸೆ, ಹುಣ್ಣಿಮೆಗೆ ನೀರು ಜೋರು, ಅಷ್ಟಮಿಗೆ ಸಪ್ಪೆ ಅಂತಲೂ ಗೊತ್ತು. ಉತ್ತರ ಕೊಂಕಣಿಯಲ್ಲಿ ಬರಲಿ, ಮನೆಮಾತಿನ ಕನ್ನಡದಲ್ಲಿ ಬರಲಿ, ತಿದ್ದಬೇಡಿ. ಎಷ್ಟೋ ಮಕ್ಕಳು ಸುಮ್ಮನಿರೋದು ವಿಷಯ ಗೊತ್ತಿಲ್ಲದೆ ಅಲ್ಲ, ಪುಸ್ತಕದ ಭಾಷೆಗೆ ಹೆದರಿ.

ಆಮೇಲೆ ಒಂದು ವಾರ ಚಂದ್ರ ಹುಟ್ಟೋ ಹೊತ್ತನ್ನು ಬರೆದು ತರೋಕೆ ಹೇಳಿ. ಅದೂ ದಿನಕ್ಕೆ ಹೆಚ್ಚುಕಮ್ಮಿ ಅಷ್ಟೇ ತಡ. ಎರಡು ಪಟ್ಟಿ ಅಕ್ಕಪಕ್ಕ ಬಂದಾಗ ನೀವೇನೂ ಹೇಳಬೇಕಾಗಿಲ್ಲ. ಆದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಚಂದ್ರ ತಲೆ ಮೇಲೆ ಬರೋದು ದಿನಕ್ಕೆ ಒಂದೇ ಸಲ, ಭರತ ಯಾಕೆ ಎರಡು ಸಲ? ಇದು ನಿಮ್ಮ ಕರ್ಣ. ಮಕ್ಕಳು ಒದ್ದಾಡಲಿ, ಒಂದೆರಡು ಊಹೆ ಮಾಡಲಿ, ಆಮೇಲೆ ಹೇಳಿಕೊಡಿ. ಚಂದ್ರ ತನ್ನ ಕಡೆಯ ನೀರನ್ನು ಜಾಸ್ತಿ ಎಳೆಯುತ್ತದೆ, ಭೂಮಿಯ ನಡುಭಾಗವನ್ನು ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರನ್ನು ಇನ್ನೂ ಕಡಿಮೆ. ಆ ವ್ಯತ್ಯಾಸದಿಂದ ಎರಡೂ ಕಡೆ ನೀರು ಉಬ್ಬುತ್ತದೆ. ಇದನ್ನು ಪ್ರಶ್ನೆ ಕೇಳಿ ಕೇಳಿ ಹೊರಡಿಸೋಕೆ ಹೋದರೆ ಸಂಜೆ ಆಗುತ್ತದೆ, ಹೊರಡೋದೂ ಇಲ್ಲ.

ಪೋರ್ಷನ್ ವಿಷಯ. ಎಲ್ಲ ಪಾಠವನ್ನೂ ಹೀಗೆ ಮಾಡೋಕೆ ಆಗೋದಿಲ್ಲ, ಮಾಡಲೂಬಾರದು. ಚಿಹ್ನೆ, ಹೆಸರು, ಏಕಮಾನ, ಸಮೀಕರಣ ಸರಿದೂಗಿಸೋ ಪದ್ಧತಿ, ಇವನ್ನೆಲ್ಲ ನೆಟ್ಟಗೆ ಹೇಳಿ, ಅಭ್ಯಾಸ ಮಾಡಿಸಿ. ನಾನು ಒಂದು ಪಾಠಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಎರಡು ಪೀರಿಯಡ್ ಹೋದರೂ ಹೋಗಲಿ. ಉಳಿದದ್ದು ಬೇಗ ಸಾಗುತ್ತದೆ, ಯಾಕೆಂದರೆ ಮಕ್ಕಳಿಗೆ ಈಗ ಅದು ಯಾತಕ್ಕೆ ಅಂತ ಗೊತ್ತಿರುತ್ತದೆ. ಹತ್ತಿಪ್ಪತ್ತು ಪ್ರಶ್ನೆ ಬರೆದುಕೊಂಡು ಹೋಗೋ ಪಾಠ ಯೋಜನೆ ಇದೆಯಲ್ಲ, ಅದು ಇನ್‌ಸ್ಪೆಕ್ಷನ್‌ಗೆ ಇರಲಿ. ಎರಡನೇ ಪ್ರಶ್ನೆ ಏನು ಅಂತ ಮೊದಲನೆಯದಕ್ಕೆ ಉತ್ತರ ಬರದೆ ನಿಮಗೆ ಹೇಗೆ ಗೊತ್ತಾಗಬೇಕು?

ಹೆಡ್ ಮಾಸ್ತರ ಹತ್ತಿರ ವಾದಕ್ಕೆ ಇಳಿಯಬೇಡಿ, ನಾನು ಇಳಿದು ಏನೂ ಗಿಟ್ಟಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಡ್ರಮ್ಮಿನಂಥ ಪ್ರಶ್ನೆ ಒಂದು ಹಾಕಿ, ಪುಸ್ತಕದಲ್ಲಿ ಉತ್ತರ ಸಿಗದಂಥದ್ದು. ನೋಟ್ಸ್ ಬರೆಸಿದ ಪಾಠದಿಂದ ಒಂದು, ಪ್ರಶ್ನೆ ಕೇಳಿ ಮಾಡಿದ ಪಾಠದಿಂದ ಒಂದು. ಪೇಪರುಗಳನ್ನು ಅವರ ಟೇಬಲ್ ಮೇಲೆ ಇಟ್ಟು ಬನ್ನಿ. ಅರ್ಧ ಅಂಕ ಕೊಡೋ ಮುಂಚೆ ಮಾತ್ರ ಒಂದು ಸಾಲಿನ ಉತ್ತರಗಳನ್ನು ಎರಡು ಸಲ ಓದಿ.